ಡಿಂಕಿ, ನಿಕಿ ಮತ್ತು ನಮ್ಮಪ್ಪನ ಕಾರು

ಶನಿವಾರ ಸಂಜೆ ಪುಣೆಯ ಟ್ರಾಫಿಕ್ ದಾಟಿಕೊಂಡು ಇಲ್ಲಿ ತನಕ ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ನನ್ನ ವಿಷಯ ಆಟಿಕೆ ಕಾರುಗಳು. ನಗಬೇಡಿ. ಸೂಪರ್ ಮಾರ್ಕೆಟ್‌ಗೆ ಹಾಲು ತರೋಕೆ ಹೋಗಿ, ಹಾಟ್ ವೀಲ್ಸ್ ನೇತು ಹಾಕಿರೋ ಜಾಗದಲ್ಲಿ ಹತ್ತು ನಿಮಿಷ ನಿಂತವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಸರಿ. ಈಗ "ಮಗುಗೆ ಬೇಕಿತ್ತು" ಅಂತ ಮನೇಲಿ ಹೇಳಿದವರು? ಹಾಂ, ಅವೇ ಕೈಗಳು. ನನ್ನದೂ ಸೇರಿಸಿ.

ನಮ್ಮಂಥವರನ್ನು ನಂಬಿಕೊಂಡೇ ಕಂಪನಿಗಳು ಹಳೇ ಕಾರುಗಳನ್ನು ಮತ್ತೆ ಬಿಡುಗಡೆ ಮಾಡ್ತವೆ. ಹಾಟ್ ವೀಲ್ಸ್ ಶುರುವಾಗಿದ್ದು 1968ರಲ್ಲಿ, ಮೊದಲ ವರ್ಷ 16 ಕಾರು. ಪಾಲಿಶ್ ಮಾಡಿದ ಲೋಹದ ಮೇಲೆ ಪಾರದರ್ಶಕ ಬಣ್ಣ, ಚಕ್ರಕ್ಕೆ ಕೆಂಪು ಗೆರೆ. 1993ರಲ್ಲಿ 25 ವರ್ಷ ತುಂಬಿದಾಗ ಆ ಕೆಂಪು ಗೆರೆಯ ಕಾರುಗಳನ್ನು ಮತ್ತೆ ತಂದರು. 2018ರಲ್ಲಿ 50 ತುಂಬಿದಾಗ ಇನ್ನೊಮ್ಮೆ. 2028ಕ್ಕೆ 60 ತುಂಬುತ್ತದೆ. ಡಿಂಕಿ ಟಾಯ್ಸ್ ಅನ್ನೋ ಹೆಸರು ಬಂದಿದ್ದು 1934ರಲ್ಲಿ, ಹಾಗಾಗಿ 2034ಕ್ಕೆ ಅದಕ್ಕೆ ನೂರು. ಇಂಥ ವರ್ಷಗಳಲ್ಲಿ ಆಟಿಕೆ ಕಂಪನಿಗಳು ಸುಮ್ಮನೆ ಕೂರೋದು ಕಡಿಮೆ. ಅಂದರೆ ಮುಂದಿನ ಕೆಲವು ವರ್ಷ ನಮ್ಮ ಜೇಬಿಗೆ ಕೆಲಸ ಇದೆ.

ಆದರೆ ಮರುಬಿಡುಗಡೆ ಅಂದಾಗ ನಿಜವಾಗಿ ಮತ್ತೆ ಬರೋದು ಏನು? ಇವತ್ತು ಇದೊಂದು ಪ್ರಶ್ನೆ ಮಾತ್ರ ಇಟ್ಟುಕೊಳ್ಳೋಣ. ಇದಕ್ಕೆ ಉತ್ತರ ಗೊತ್ತಿಲ್ಲದೆ ನಾನೊಂದು ತಪ್ಪು ಮಾಡಿದೆ, ಅದನ್ನೂ ಹೇಳ್ತೀನಿ.

ಮೊದಲು ಸ್ವಲ್ಪ ಟೆಕ್ನಿಕಲ್. ಈ ಕಾರುಗಳಿಗೆ ಡೈಕಾಸ್ಟ್ ಅಂತಾರೆ. ಡೈ ಅಂದರೆ ಅಚ್ಚು. ಗಟ್ಟಿ ಉಕ್ಕಿನಲ್ಲಿ ಕಾರಿನ ಆಕಾರವನ್ನು ಉಲ್ಟಾ ಕೊರೆದಿರುತ್ತಾರೆ. ಸತು ಮುಖ್ಯವಾಗಿರುವ ಮಿಶ್ರಲೋಹವನ್ನು ಸುಮಾರು 400 ಡಿಗ್ರಿಯಲ್ಲಿ ಕರಗಿಸಿ, ಒತ್ತಡ ಹಾಕಿ ಆ ಅಚ್ಚಿನೊಳಗೆ ನುಗ್ಗಿಸುತ್ತಾರೆ. ತಣ್ಣಗಾದ ಮೇಲೆ ಅಚ್ಚು ಬಿಚ್ಚಿದರೆ ಕಾರಿನ ಮೈ ಸಿದ್ಧ. ಇದರಲ್ಲಿ ಅತಿ ದುಬಾರಿ, ಅತಿ ನಿಧಾನದ ಕೆಲಸ ಅಂದರೆ ಅಚ್ಚು ಕೊರೆಯೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಚ್ಚೇ ಸೋರ್ಸ್ ಕೋಡ್, ಕೈಗೆ ಸಿಗೋ ಕಾರು ಬಿಲ್ಡ್. ಒಂದು ವ್ಯತ್ಯಾಸ ಇದೆ. ಕೋಡ್ ಎಷ್ಟು ಸಲ ಕಂಪೈಲ್ ಮಾಡಿದರೂ ಸವೆಯೋದಿಲ್ಲ. ಅಚ್ಚು ಸವೆಯುತ್ತದೆ. ಬಾಗಿಲ ಗೆರೆ ಮಸುಕಾಗ್ತದೆ, ಅಂಚಿನಲ್ಲಿ ಲೋಹ ಚಾಚಿಕೊಳ್ತದೆ.

ಈಗ ಡಿಂಕಿ ಕಥೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ ಅನ್ನುವವರು ಮೆಕ್ಯಾನೊ ಕಟ್ಟಿದರು, ನಟ್ಟು ಬೋಲ್ಟು ಹಾಕಿ ಜೋಡಿಸೋ ಆಟಿಕೆ. ಅದೇ ಕಂಪನಿ ಆಟಿಕೆ ರೈಲುಗಳನ್ನೂ ಮಾಡ್ತಿತ್ತು. ಆ ರೈಲುಗಳ ಪಕ್ಕ ನಿಲ್ಲಿಸೋಕೆ ಅಂತ ಚಿಕ್ಕ ವಾಹನಗಳನ್ನು ಮಾಡಿದರು, ಅವೇ ಡಿಂಕಿ ಆದವು. ಬಿನ್ಸ್ ರೋಡ್ ಫ್ಯಾಕ್ಟರಿ 1979ರಲ್ಲಿ ಬಾಗಿಲು ಹಾಕಿತು. ಡಿಂಕಿ ಅನ್ನೋ ಹೆಸರನ್ನು 1987ರಲ್ಲಿ ಮ್ಯಾಚ್‌ಬಾಕ್ಸ್‌ನವರು ಕೊಂಡರು, 1997ರಲ್ಲಿ ಮ್ಯಾಚ್‌ಬಾಕ್ಸ್ ಜೊತೆಗೇ ಅದು ಮ್ಯಾಟೆಲ್ ಪಾಲಾಯಿತು. ಹಾಟ್ ವೀಲ್ಸ್ ಮಾಡೋ ಅದೇ ಮ್ಯಾಟೆಲ್.

ಆಮೇಲೆ ಅಟ್ಲಾಸ್ ಎಡಿಷನ್ಸ್ ಅನ್ನೋ ಸಂಸ್ಥೆ ಮ್ಯಾಟೆಲ್‌ನಿಂದ ಲೈಸೆನ್ಸ್ ಪಡೆದು ಹಳೇ ಡಿಂಕಿಗಳನ್ನು ಮತ್ತೆ ತಂದಿತು. ಅದೇ ಬಣ್ಣ, ಅದೇ ಥರದ ರಟ್ಟಿನ ಡಬ್ಬಿ, ಮೇಲೆ ಡಿಂಕಿ ಟಾಯ್ಸ್ ಅಂತ ಅದೇ ಹೆಸರು. ಕೈಯಲ್ಲಿ ಹಿಡಿದರೆ ಖುಷಿ ಆಗುತ್ತದೆ. ಅಚ್ಚು ಮಾತ್ರ ಹೊಸದು. ಹಳೇ ಕಾರನ್ನು ನೋಡಿ ಹೊಸದಾಗಿ ಕೊರೆದದ್ದು.

ಇಲ್ಲಿಂದ ಹುಬ್ಬಳ್ಳಿಗೆ ಹೋಗೋಣ.

ನಮ್ಮದು ಮೂರು ತಲೆಮಾರಿನ ರೈಲ್ವೆ ಮನೆ. ಅಜ್ಜ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿದ್ದರು, ಅಪ್ಪನೂ ಅಲ್ಲೇ. ನಾನು ಮಾತ್ರ ಹಳಿ ತಪ್ಪಿ ಸಾಫ್ಟ್‌ವೇರ್‌ಗೆ ಬಂದೆ. 1970ರ ಸುಮಾರಿಗೆ ಅಜ್ಜ ಕೆಲಸದ ಮೇಲೆ ಖರಗ್‌ಪುರಕ್ಕೆ ಹೋಗಿದ್ದರು. ವಾಪಸು ಬರೋವಾಗ ಕಲ್ಕತ್ತೆಯಲ್ಲಿ ಅಪ್ಪನಿಗೆ ಅಂತ ಒಂದು ಕಾರು ತಂದರು. ಜಾಗ್ವಾರ್ ಮಾರ್ಕ್ ಟೆನ್. ಅಂಗೈ ಉದ್ದ, ಒಳ್ಳೇ ಭಾರ, ಹಿಂದಿನ ಡಿಕ್ಕಿ ತೆರೆಯುತ್ತಿತ್ತು. ಅಪ್ಪನಿಗೆ ಆಗ ಹತ್ತು ವರ್ಷ. ಆ ಕಾರನ್ನು ಅವರು ಆಡಿ, ಎತ್ತಿಟ್ಟು, ನಮ್ಮ ಕಾಲಕ್ಕೆ ಕಾಯ್ದಿಟ್ಟಿದ್ದರು. ಟ್ರಂಕಿನಲ್ಲಿ, ಹಳೇ ಮಫ್ಲರ್‌ನಲ್ಲಿ ಸುತ್ತಿ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದನ್ನು ನನ್ನ ಕೈಗೆ ಕೊಟ್ಟರು. ನನ್ನ ಗೆಳೆಯನ ಮನೆ ಶೋಕೇಸಿನಲ್ಲಿ ಲಂಡನ್ನಿನಿಂದ ಬಂದ ಒಂದು ಕಾರಿತ್ತು, ಅದರ ಹೊಟ್ಟೆ ಮೇಲೆ ಡಿಂಕಿ ಅಂತ ಬರೆದಿತ್ತು. ನಾನು ನಮ್ಮ ಕಾರನ್ನು ತಿರುಗಿಸಿ ನೋಡಿದೆ. ನಿಕಿ ಅಂತ ಇತ್ತು. ನಿಕಿ! ಅಡಿಡಾಸ್ ಜಾಗದಲ್ಲಿ ಅಡಿಬಾಸ್ ಇದ್ದ ಹಾಗೆ. "ಅಪ್ಪಾ, ಇದು ಡೂಪ್ಲಿಕೇಟ್" ಅಂದೆ. ಗೆಳೆಯರ ಮುಂದೆಯೇ ಅಂದೆ. ಅಪ್ಪ ಏನೂ ಹೇಳಲಿಲ್ಲ. ಕಾರು ಮತ್ತೆ ಟ್ರಂಕಿಗೆ ಹೋಯಿತು.

ಇಪ್ಪತ್ತೈದು ವರ್ಷ ಆದ ಮೇಲೆ, ಇದೇ ಪುಣೆಯಲ್ಲಿ, ವಾಕಡ್‌ನ ಬಾಡಿಗೆ ಫ್ಲಾಟಿನಲ್ಲಿ ರಾತ್ರಿ ಕೂತು ಡಿಂಕಿ ಮರುಬಿಡುಗಡೆಗಳ ಬಗ್ಗೆ ಓದ್ತಾ ಇದ್ದೆ. ಯಾವುದು ತಗೊಳ್ಳೋದು ಅಂತ. ಓದ್ತಾ ಓದ್ತಾ ನಿಕಿ ಹೆಸರು ಸಿಕ್ಕಿತು.

ಆಗಿದ್ದು ಇಷ್ಟು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಆಮದಿನ ಮೇಲೆ ಬಿಗಿ ನಿರ್ಬಂಧ ಇತ್ತು. ಇಂಗ್ಲೆಂಡಿನ ಆಟಿಕೆ ತಂದು ಮಾರೋದು ಕಷ್ಟ. 1960ರ ದಶಕದ ಕೊನೆಗೆ ಮೆಕ್ಯಾನೊದವರು ತಾವು ಬಳಸಿ ಮುಗಿಸಿದ್ದ ಕೆಲವು ಡಿಂಕಿ ಅಚ್ಚುಗಳನ್ನು ಕಲ್ಕತ್ತೆಯ ಎಸ್. ಕುಮಾರ್ ಆಂಡ್ ಕಂಪನಿಗೆ ಕೊಟ್ಟರು. ಅಚ್ಚು ಕೊಟ್ಟರು, ಹೆಸರು ಕೊಡಲಿಲ್ಲ. ಹಾಗಾಗಿ ಡಿಂಕಿ ಅಂತ ಇದ್ದ ಕಡೆ ನಿಕಿ ಅಂತಾಯಿತು. ಜಾಗ್ವಾರ್ ಮಾರ್ಕ್ ಟೆನ್, ಫೋಕ್ಸ್‌ವ್ಯಾಗನ್ 1500, ಮರ್ಸಿಡಿಸ್ 220 ಎಸ್‌ಇ, ಇವೆಲ್ಲ ಹಾಗೆ ಕಲ್ಕತ್ತೆಯಲ್ಲಿ ಎರಕ ಹೊಯ್ದ ಕಾರುಗಳು. ಅಚ್ಚು ಸವೆದಿತ್ತು, ಬಣ್ಣ ಅಷ್ಟು ನಯ ಇರಲಿಲ್ಲ. ಆದರೆ ಲಿವರ್‌ಪೂಲ್‌ನಲ್ಲಿ ಜಾಗ್ವಾರ್ ಯಾವ ಉಕ್ಕಿನಿಂದ ಹೊರಗೆ ಬಂದಿತ್ತೋ, ಅಪ್ಪನ ಜಾಗ್ವಾರ್ ಅದೇ ಉಕ್ಕಿನಿಂದ ಬಂದಿತ್ತು.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಇವತ್ತಿನ ಮರುಬಿಡುಗಡೆಗೆ ಡಿಂಕಿ ಅನ್ನೋ ಹೆಸರಿದೆ, ಹಳೇ ಅಚ್ಚಿಲ್ಲ. ಕಲ್ಕತ್ತೆಯ ನಿಕಿಗೆ ಹಳೇ ಅಚ್ಚಿತ್ತು, ಹೆಸರಿರಲಿಲ್ಲ. ಒಂದು ರೆಪೊದಲ್ಲಿ ಲೋಗೋ ಹಳೇದು, ಕೋಡ್ ಪೂರಾ ರೀರೈಟ್. ಇನ್ನೊಂದರಲ್ಲಿ ಕೋಡ್ ಹಳೇದು, ಹೆಸರು ಬದಲಾಯಿಸಿದ ಫೋರ್ಕ್. ನಾವು ಇಂಜಿನಿಯರ್‌ಗಳು ಯಾವುದನ್ನು ಡೂಪ್ಲಿಕೇಟ್ ಅಂತೀವಿ? ನಾನು ಹೆಸರು ನೋಡಿ ತೀರ್ಪು ಕೊಟ್ಟಿದ್ದೆ.

ಆ ರಾತ್ರಿಯೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಹತ್ತೂವರೆ ಆಗಿತ್ತು. ಅಪ್ಪನಿಗೆ ಗಾಬರಿ, "ಏನಾತೋ ತಮ್ಮಾ?" ಅಂದರು. "ಏನಿಲ್ಲಪ್ಪಾ, ಅಜ್ಜ ಕಲ್ಕತ್ತಾದಿಂದ ತಂದಿದ್ರಲ್ಲ ಕಾರು, ಎಲ್ಲಿಟ್ಟೀರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕ್ವಾರ್ಟರ್ಸ್ ಖಾಲಿ ಮಾಡುವಾಗ ಗುಜರಿಯವಗ ಕೊಟ್ವಿ. ಡೂಪ್ಲಿಕೇಟ್ ಐತಿ ಅಂತ ನೀನ ಹೇಳಿದ್ಯಲ್ಲಪಾ."

ಕೋಪದಿಂದ ಹೇಳಿದ್ದಲ್ಲ. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ. ಮಗ ಓದ್ತಾನೆ, ಅವನಿಗೆ ಗೊತ್ತಿರುತ್ತದೆ ಅಂತ. ನಾನು ನಿಕಿ ಕಥೆಯನ್ನೆಲ್ಲ ಹೇಳಿದೆ. ಪೂರಾ ಕೇಳಿಸಿಕೊಂಡರು. "ಹೌದಾ? ಹಂಗಾದ್ರ ನಮ್ಮಪ್ಪ ಮೋಸ ಹೋಗಿರಲಿಲ್ಲ ಬಿಡು" ಅಂದರು. ಆಗ ನನಗೆ ಅರ್ಥ ಆಯಿತು. ಅಷ್ಟು ವರ್ಷ ಅವರು ಕಾರಿನ ಬಗ್ಗೆ ಯೋಚನೆ ಮಾಡಿರಲಿಲ್ಲ. ತಮ್ಮಪ್ಪ ದೂರದ ಊರಿನಲ್ಲಿ ದುಡ್ಡು ಕೊಟ್ಟು ಮೋಸ ಹೋದರಲ್ಲ ಅಂತ ಅನ್ಕೊಂಡಿದ್ದರು. ನನ್ನ ಒಂದು ಮಾತಿನಿಂದ.

ಆ ವರ್ಷ ದೀಪಾವಳಿಗೆ ಹೋಗುವಾಗ ಒಂದು ಡಿಂಕಿ ಮರುಬಿಡುಗಡೆ ತಗೊಂಡು ಹೋದೆ, ಹಳೇ ಗೈ ವ್ಯಾನ್‌ನದು. ಅಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ವರ್ಕ್‌ಶಾಪಿನ ಕಣ್ಣು. "ಕೆಲಸ ಭಾಳ ಚೊಲೋ ಮಾಡ್ಯಾರ" ಅಂದರು. ಆಮೇಲೆ, "ಆದ್ರ ಇದು ನಂದಲ್ಲ. ಕೂಸಿಗೆ ಕೊಡು." ನನ್ನ ಮಗಳಿಗೆ ನಾಲ್ಕು ವರ್ಷ. ಡಬ್ಬಿ ಹರಿಯಬಾರದು, ಡಬ್ಬಿ ಇದ್ದರೇ ಬೆಲೆ ಅಂತ ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವಳು ಡಬ್ಬಿ ಹರಿದು, ವ್ಯಾನನ್ನು ಪಡಸಾಲೆಯಿಂದ ಅಡಿಗೆಮನೆ ತನಕ ಓಡಿಸಿದಳು. ಸಂಜೆ ಒಳಗೆ ಮೂಲೆಯ ಬಣ್ಣ ಹೋಗಿತ್ತು.

ಇನ್ನು ಮುಂದೆ ಬರೋ ಮರುಬಿಡುಗಡೆಗಳಿಗೆ ಕಾಯ್ತಾ ಇರೋರಿಗೆ ಮೂರು ಮಾತು.

ಒಂದು, ದುಡ್ಡು ಕೊಡೋ ಮೊದಲು ತಳ ಓದಿ. ಯಾರು ಮಾಡಿದ್ದು, ಎಲ್ಲಿ, ಯಾರ ಲೈಸೆನ್ಸ್. ಮರುಬಿಡುಗಡೆಯನ್ನು ಮರುಬಿಡುಗಡೆ ಅಂತ ಹೇಳಿ ಮಾರಿದರೆ ಅದರಲ್ಲಿ ಮೋಸ ಏನೂ ಇಲ್ಲ. ಅದನ್ನೇ ಕೈಯಿಂದ ಕೈಗೆ ದಾಟಿಸಿ 1950ರ ಕಾರು ಅಂತ ಮಾರೋವಾಗ ಮೋಸ ಶುರು ಆಗುತ್ತದೆ.

ಎರಡು, ಹಳೇದೆಲ್ಲ ಗಟ್ಟಿ ಅನ್ನೋ ಭ್ರಮೆ ಬೇಡ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು ಡಬ್ಬಿಯೊಳಗೇ ಬಿರುಕು ಬಿಟ್ಟು ಪುಡಿಯಾಗಿವೆ. ಸತುವಿಗೆ ಸೀಸದ ಕಲಬೆರಕೆ ಸೇರಿ, ಒಳಗಿಂದಲೇ ತಿಂದು ಹಾಕುತ್ತದೆ. ಅದಕ್ಕೆ ಔಷಧಿ ಇಲ್ಲ. ಅಂಥ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಹೊಸ ಅಚ್ಚಿನದೇ ಒಳ್ಳೇದು. ಹಾಗಾಗಿ ಮರುಬಿಡುಗಡೆಯನ್ನು ನಾನು ಬೈಯೋದಿಲ್ಲ.

ಮೂರು, ಆರ್ಡರ್ ಮಾಡೋ ಮೊದಲು ಊರಿಗೊಂದು ಫೋನ್ ಮಾಡಿ. ಟ್ರಂಕಿನಲ್ಲಿ, ಅಟ್ಟದ ಮೇಲೆ ಏನಾದರೂ ಇದೆಯಾ ಕೇಳಿ. ಇದ್ದರೆ, ಅದರ ಹೆಸರು ಓದಿ ನಗೋ ಮೊದಲು ಅದನ್ನು ಯಾರು ತಂದರು, ಎಲ್ಲಿಂದ ತಂದರು ಅಂತ ಕೇಳಿ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳಬೇಕಾದವನು ನಾನು, ಕೇಳಿದ್ದು ಇಪ್ಪತ್ತೈದು ವರ್ಷ ತಡ.

ನಿಕಿ ಜಾಗ್ವಾರ್ ಹುಡುಕ್ತಾನೇ ಇದ್ದೀನಿ. ಸಿಕ್ಕರೂ ಅದು ಅಪ್ಪನ ಕಾರಾಗೋದಿಲ್ಲ ಅಂತ ಗೊತ್ತು. ಆದರೂ ತಳ ತಿರುಗಿಸಿ ಆ ಹೆಸರನ್ನು ಅವರಿಗೆ ತೋರಿಸಬೇಕು ಅಂತ ಆಸೆ. ನಿಮ್ಮ ಮನೆಯಲ್ಲಿ ಅಥವಾ ಗೊತ್ತಿದ್ದವರ ಹತ್ತಿರ ಇದ್ದರೆ ಹೇಳಿ. ಮಾರದಿದ್ದರೂ ಪರವಾಗಿಲ್ಲ, ಒಂದು ಫೋಟೋ ಸಾಕು.

ಪ್ರಶ್ನೆ ಇದ್ದರೆ ಕೇಳಿ, ಚಹಾ ಬರೋಕೆ ಇನ್ನೂ ಹತ್ತು ನಿಮಿಷ ಇದೆಯಂತೆ.