ಅಕ್ಕಾದೇವಿಯ ಊರಿನ ಹುಡುಗಿಯರು



ಗದಗ ಜಿಲ್ಲೆಯ ಸೂಡಿ ಸೀಮೆಯಲ್ಲಿ ಚಳಿಗಾಲವೆಂದರೆ ಹೊಲದ ತುಂಬ ಬಿಳಿಜೋಳ, ಕಡಲೆ. ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಆರತಿ ಹಿಡಿದು ಗುಂಪಾಗಿ ಹೊರಡುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗದ ಬುತ್ತಿ, ಸಂಕ್ರಾಂತಿಗೆ ಕುಸುರೆಳ್ಳು. ಹಬ್ಬ ಮುಗಿದೊಡನೆ ಆ ಗುಂಪು ಚದುರಬೇಕೆ?

ಸಾವಿರ ವರ್ಷಗಳ ಹಿಂದೆ ಈ ಸೀಮೆಯನ್ನು, ಅಂದಿನ ‘ಕಿಸುಕಾಡು ಎಪ್ಪತ್ತು’ ನಾಡನ್ನು, ಆಳಿದವಳು ಚಾಲುಕ್ಯರ ಮಗಳು ಅಕ್ಕಾದೇವಿ. 1047ರಲ್ಲಿ ಗೋಕಾಕದ ಕೋಟೆಗೇ ಮುತ್ತಿಗೆ ಹಾಕಿದಳು. ಅವಳ ಊರಿನ ಹುಡುಗಿಯರು ಸೂಡಿಯ ನಾಗಕುಂಡ ಪುಷ್ಕರಣಿಯ ಮೆಟ್ಟಿಲ ಬಳಿ ಕೂತು ಅವಳ ಕಥೆ ಕೇಳಲಿ, ಖೊಖೊ ಆಡಲಿ, ರಕ್ತಹೀನತೆಯ ಬಗ್ಗೆ ಸಂಕೋಚವಿಲ್ಲದೆ ಮಾತಾಡಲಿ. ಅಂಗನವಾಡಿಯ ಕಿಶೋರಿ ಗುಂಪುಗಳ ಆಶಯವೂ ಇದೇ.

ಅವ್ವಂದಿರೆ, ಅಪ್ಪಂದಿರೆ, ವಾರಕ್ಕೊಂದು ಸಂಜೆ ಮಗಳ ಕೈಯಿಂದ ಕಸಬರಿಗೆ ಇಳಿಸಿ, ಗೆಳತಿಯರ ಕೈ ಹಿಡಿಯಲು ಬಿಡಿ. ಹಿಂಗಾರಿನ ಪೈರಿಗೆ ನೆಲದಲ್ಲಿ ಉಳಿದ ತೇವವೇ ಆಸರೆ. ಬೆಳೆಯುವ ಮಗಳಿಗೆ ಅಷ್ಟು ಬಿಡುವು.