ಮಣ್ಣು ಬೆಚ್ಚಗಾದ ಮೇಲೆ ಬೀನ್ಸ್ ಸಸಿ

(ನೀಲಗಿರಿಯ ಬೆಟ್ಟದೂರಿನ ಕೃಷಿಕರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ಬೇಸಾಯದಲ್ಲಿ ವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ. ಹುರುಳಿಕಾಯಿಯ, ಅಂದರೆ ಬೀನ್ಸಿನ, ಎಳೆಯ ಸಸಿಯನ್ನು ಸಸಿಮಡಿಯಿಂದ ಹೊಲಕ್ಕೆ ಯಾವಾಗ ಇಳಿಸಬೇಕು? ಪ್ರಶ್ನೆ ಸಣ್ಣದೇ. ಆದರೆ ಒಂದು ವಾರದ ಅವಸರಕ್ಕೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗಬಹುದು. ಮನೆಯಲ್ಲಿ ಕಾಪಿಟ್ಟಿದ್ದ ಬೀಜ ಹೀಗೆ ಹೋದರೆ ಮರುಬಿತ್ತನೆಗೆ ಪೇಟೆಯ ಬೀಜವೇ ಗತಿ; ಅದರ ಹಿಂದೆಯೇ ಸಾಲವೂ ಬರುತ್ತದೆ. ಅಜ್ಜಿಯ ಕಾಲದಿಂದ ಬಂದ ತಳಿಯೊಂದು ಮನೆಯಿಂದ ಮರೆಯಾಗುವುದು ಹೆಚ್ಚಾಗಿ ಇಂಥ ಸಣ್ಣ ತಪ್ಪುಗಳಿಂದಲೇ. ಆದ್ದರಿಂದ ನಾಟಿಯ ಸಮಯಕ್ಕೂ ಬೀಜ ಸ್ವಾವಲಂಬನೆಗೂ ನೇರವಾದ ಸಂಬಂಧವಿದೆ.

ಮೊದಲು ಈ ಬೆಳೆಯ ಸ್ವಭಾವವನ್ನು ಅರಿಯಬೇಕು. ಹೆಸರಿನಲ್ಲಿ ಹುರುಳಿಯಿದ್ದರೂ ಹುರುಳಿಕಾಳಿನ ಗಿಡವೇ ಬೇರೆ, ಇದೇ ಬೇರೆ. ಬೀನ್ಸಿನ ತವರು ಅಮೆರಿಕ ಖಂಡ. ಮೆಕ್ಸಿಕೊದ ಕಡೆಯಲ್ಲೊಮ್ಮೆ, ದಕ್ಷಿಣದ ಆಂಡೀಸ್ ಪರ್ವತಗಳಲ್ಲೊಮ್ಮೆ, ಹೀಗೆ ಎರಡು ಕಡೆ ಪ್ರತ್ಯೇಕವಾಗಿ ಅಲ್ಲಿನ ಮೂಲನಿವಾಸಿಗಳು ಇದನ್ನು ಕೃಷಿಗೆ ತಂದರು. ಅಮೆರಿಕದಿಂದ ಯುರೋಪಿಗೆ, ಅಲ್ಲಿಂದ ಇತರ ದೇಶಗಳಿಗೆ ಅದು ಹರಡಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯನ್ನು ಏರಿದ ತರುವಾಯ ಈ ಬೆಟ್ಟಗಳಲ್ಲಿ ಯುರೋಪಿನ ತರಕಾರಿ ಬೇಸಾಯ ಬೇರೂರಿತು. ಆಲೂಗೆಡ್ಡೆ, ಕೋಸು, ಕ್ಯಾರೆಟ್ ಜೊತೆಗೆ ಬೀನ್ಸನ್ನೂ ಜನ 'ಇಂಗ್ಲಿಷ್ ತರಕಾರಿ' ಎಂದೇ ಕರೆಯುತ್ತಾರೆ. ಹೀಗೆ ಒಂದೇ ಹೆಸರಿನಡಿ ಸೇರಿಸಿದ್ದರಿಂದ ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಕೋಸು, ಕ್ಯಾರೆಟ್‌ಗಳು ಚಳಿಯನ್ನು ತಾಳುತ್ತವೆ, ಬೀನ್ಸ್ ತಾಳದು. ತಂಪು ಬೆಟ್ಟದಲ್ಲಿ ಬೆಳೆದರೂ ಅದು ಬೆಚ್ಚನೆಯ ಋತುವಿನ ಬೆಳೆ.

ಬೀಜ ಮೊಳೆಯುವಾಗಲೇ ಇದು ಕಾಣುತ್ತದೆ. ಮಣ್ಣಿನ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 8 ದಿನಗಳಲ್ಲಿ ಮೊಳಕೆ ಮೇಲೆ ಬರುತ್ತದೆ. 20 ಡಿಗ್ರಿಯಲ್ಲಿ 11 ದಿನ, 15 ಡಿಗ್ರಿಯಲ್ಲಿ 16 ದಿನ ಬೇಕು. 10 ಡಿಗ್ರಿಯ ಸುಮಾರಿಗೆ ಮೊಳೆಯುವುದೇ ನಿಂತು, ನೀರು ಹೀರಿದ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ಸಸಿಯ ಸ್ಥಿತಿಯೂ ಇದೇ. ತಣ್ಣನೆಯ ಮಣ್ಣಿನಲ್ಲಿ ಬೇರು ನೀರನ್ನೂ ಪೋಷಕಾಂಶವನ್ನೂ ಸರಿಯಾಗಿ ಎಳೆಯಲಾರದು. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುವ ರೈಜೋಬಿಯಂ ಜೀವಾಣುಗಳೂ ಮಂದವಾಗುತ್ತವೆ. ಎಲೆ ಹಳದಿಗಟ್ಟಿದ್ದನ್ನು ಕಂಡು ಯೂರಿಯಾ ಸುರಿಯುವವರಿದ್ದಾರೆ. ಆಗ ಗಿಡಕ್ಕೆ ಬೇಕಾದದ್ದು ಬಿಸಿಲಿನ ಕಾವು.

ಬಟಾಣಿಯೊಂದಿಗೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾದೀತು. ಬಟಾಣಿಯ ಬೀಜದಳಗಳು ನೆಲದೊಳಗೇ ಉಳಿಯುತ್ತವೆ. ಮೇಲಿನ ಕುಡಿ ಹಿಮಕ್ಕೆ ಸುಟ್ಟರೂ ಕೆಳಗಿನಿಂದ ಮತ್ತೆ ಚಿಗುರಬಲ್ಲದು. ಬೀನ್ಸಿನ ಬೀಜದಳಗಳು ಮೊಳಕೆಯೊಡನೆ ನೆಲದ ಮೇಲಕ್ಕೆ ಬರುತ್ತವೆ. ಚಿಗುರಬಲ್ಲ ಕಣ್ಣುಗಳೆಲ್ಲ ಮೇಲೆಯೇ ಇರುವುದರಿಂದ ಒಂದು ಹಿಮದ ರಾತ್ರಿ ಗಿಡದ ಕಥೆಯನ್ನು ಮುಗಿಸಿಬಿಡುತ್ತದೆ.

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಸುತ್ತ ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಿಮ ಬೀಳುತ್ತದೆ. 'ಬೀಳುತ್ತದೆ' ಎಂಬುದು ವಾಡಿಕೆಯ ಮಾತು. ನಿಜದಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ಹಗಲಿನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಒಂದೇ ಊರಿನಲ್ಲಿ ಮೇಲಿನ ಮಟ್ಟದ ಹೊಲ ಹಸಿರಾಗಿದ್ದು ಕೆಳಗಿನ ಹೊಲ ಬೆಳಿಗ್ಗೆ ಬೆಳ್ಳಗಾಗಿರುತ್ತದೆ. ಇಳಿಜಾರಿಗೆ ಅಡ್ಡವಾಗಿ ದಟ್ಟ ಬೇಲಿಯಿದ್ದರೆ ತಣ್ಣನೆಯ ಗಾಳಿ ಅದರ ಮೇಲ್ಬದಿಯಲ್ಲಿ ಕಟ್ಟಿ ನಿಲ್ಲುತ್ತದೆ. ಹರಿದುಹೋಗಲು ನಡುವೆ ಕಂಡಿ ಬಿಡುವುದು ಜಾಣತನ.

ಇಲ್ಲಿ ಪರಿಸರದ ಪಾಠವೂ ಇದೆ. ನೀಲಗಿರಿಯ ಕಣಿವೆತಳದ ಅನೇಕ ಜೌಗುಗಳನ್ನು ಕಾಲುವೆ ತೋಡಿ ಒಣಗಿಸಿ ತರಕಾರಿ ಹೊಲಗಳನ್ನಾಗಿ ಮಾಡಲಾಗಿದೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗಳಿಗೆ ಉಣಿಸುತ್ತಿದ್ದ ನೆಲ ಅದು. ಹಿಮ ಮೊದಲು ಇಳಿಯುವುದೂ, ಕೊನೆಗೆ ಬಿಡುವುದೂ ಅಲ್ಲಿಯೇ. ಬೀನ್ಸಿನಂಥ ಸೂಕ್ಷ್ಮ ಬೆಳೆಗೆ ಅದು ಸಲ್ಲದ ಜಾಗ. ಜೌಗನ್ನು ಜೌಗಾಗಿಯೇ ಉಳಿಸಿ, ಮೇಲಿನ ಮಟ್ಟಗಳಲ್ಲಿ ಬೀನ್ಸ್ ಬೆಳೆದರೆ ತೊರೆಯೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಇನ್ನು ಸಮಯವನ್ನು ನಿರ್ಧರಿಸುವ ಬಗೆ. ಪಂಚಾಂಗದ ತಾರೀಖೊಂದನ್ನೇ ನಂಬಬಾರದು. ಹತ್ತು ಸೆಂಟಿಮೀಟರಿನಷ್ಟು ಆಳಕ್ಕೆ ಉಷ್ಣಮಾಪಕವನ್ನು ಇಳಿಸಿ ಬೆಳಿಗ್ಗೆ ಮಣ್ಣಿನ ಕಾವನ್ನು ನೋಡಬೇಕು. ಒಂದು ವಾರ ಸತತವಾಗಿ ಅದು 15 ಡಿಗ್ರಿಗಿಂತ ಮೇಲಿದ್ದು, ರಾತ್ರಿಯ ಗಾಳಿ 10 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಹೊಲ ಸಿದ್ಧವಾಗಿದೆಯೆಂದು ತಿಳಿಯಬಹುದು. ಬಹಳ ಎತ್ತರದ ಊರುಗಳಲ್ಲಿ ರಾತ್ರಿಯ ಗಾಳಿ ಇನ್ನೂ ತುಸು ತಂಪಾಗಿಯೇ ಇರಬಹುದು. ಅಲ್ಲಿ ಸಂಜೆಯ ಹೊದಿಕೆಯ ಆಸರೆ ಬೇಕಾಗುತ್ತದೆ.

ಸಾಮಾನ್ಯವಾಗಿ ಬೀನ್ಸ್ ಬೀಜವನ್ನು ನೇರವಾಗಿ ಬಿತ್ತುತ್ತಾರೆ. ಬೀಜ ಕಡಿಮೆಯಿದ್ದಾಗ, ಋತು ಚಿಕ್ಕದಾದ ಎತ್ತರದ ಊರುಗಳಲ್ಲಿ, ಸಸಿ ಮಾಡುವುದು ಲಾಭಕರ. ಬೀನ್ಸಿನ ಬೇರು ಅಲುಗಾಟವನ್ನು ಸಹಿಸದು. ಹೀಗಾಗಿ ಪ್ಲಾಸ್ಟಿಕ್ ಚೀಲದ ಬದಲು ಎಲೆಯ ದೊನ್ನೆಯಲ್ಲೋ ಹಳೆಯ ಪತ್ರಿಕೆಯ ಕೊಟ್ಟೆಯಲ್ಲೋ ಬೀಜವಿಟ್ಟು, ಅದರ ಸಮೇತ ನೆಡುವುದು ಒಳ್ಳೆಯದು. ಚಳಿಯ ರಾತ್ರಿ ದೊನ್ನೆಗಳನ್ನು ಅಡುಗೆಮನೆಯ ಒಲೆಯ ಬಳಿ ಇಡಬಹುದು. ಎರಡು ಬಿಡಿ ಎಲೆಗಳ ನಂತರ ಮೂರೆಲೆಯ ಮೊದಲ ಗೊಂಚಲು ಬಿಚ್ಚುತ್ತಿರುವಾಗ ಸಸಿ ನಾಟಿಗೆ ತಕ್ಕದ್ದು. ಅದಕ್ಕಿಂತ ಬಲಿತರೆ ಬೇರು ಸುತ್ತಿಕೊಳ್ಳುತ್ತದೆ.

ನಾಟಿಗೆ ಮುನ್ನ ಒಂದು ವಾರ ಸಸಿಯನ್ನು ಹೊರಗಿನ ಬದುಕಿಗೆ ಹದಗೊಳಿಸಬೇಕು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚು ಗಾಳಿ, ಬಿಸಿಲು. ನೀರು ಸ್ವಲ್ಪ ಕಡಿಮೆ. ಆದರೆ ಒಂದು ಮಾತನ್ನು ನೆನಪಿಡಬೇಕು: ಹದಗೊಂಡ ಸಸಿ ಗಾಳಿ ಬಿಸಿಲನ್ನು ತಾಳೀತು, ಹಿಮವನ್ನಲ್ಲ.

ಹೊದಿಕೆಯ ವಿಷಯದಲ್ಲೂ ಎಚ್ಚರ ಬೇಕು. ದರಗೆಲೆಯ ಹೊದಿಕೆ ಒಳ್ಳೆಯದೆಂದು ನಾಟಿಗೆ ಮೊದಲೇ ಹರಡಿದರೆ ಬಿಸಿಲು ಮಣ್ಣನ್ನು ತಲುಪದೆ ನೆಲ ತಣ್ಣಗೇ ಉಳಿಯುತ್ತದೆ. ಮಣ್ಣು ಬೆಚ್ಚಗಾಗಿ ಸಸಿ ಬೇರು ಹಿಡಿದ ಮೇಲೆಯೇ ಅದನ್ನು ಹಾಸಬೇಕು. ನಾಟಿಯ ನಂತರ ಆಕಾಶ ಶುಭ್ರವಾಗಿ, ಗಾಳಿ ನಿಂತ ಸಂಜೆ ಕಂಡರೆ ಬುಟ್ಟಿ ಅಥವಾ ಗೋಣಿತಾಟು ಮುಚ್ಚಿ, ಬಿಸಿಲೇರಿದ ಮೇಲೆ ತೆಗೆಯಬೇಕು. ತೇವವಿರುವ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಡುವುದರಿಂದ ಅಂದು ಹಗಲಿನಲ್ಲೇ ನೀರುಣಿಸುವುದು ಹಿತ.

ಹಾಗೆಂದು ಬಹಳ ತಡಮಾಡುವುದೂ ಸಲ್ಲ. ಮುಂಗಾರಿನ ತಂಪು ತೇವದಲ್ಲಿ ತುಕ್ಕು ರೋಗ, ಕಾಯಿಚುಕ್ಕೆ ರೋಗಗಳು ಹಬ್ಬುತ್ತವೆ. ಗಿಡ ಒದ್ದೆಯಿರುವಾಗ ಸಾಲುಗಳಲ್ಲಿ ಓಡಾಡಿದರೆ ರೋಗ ಕೈಯಿಂದ ಕೈಗೆ ದಾಟುತ್ತದೆ. ಹಿಮ ಮುಗಿದು ಮಳೆ ಹಿಡಿಯುವ ನಡುವಿನ ಕಿಂಡಿಯೇ ಬೀನ್ಸಿನ ಕಾಲ.

ಈ ಕಿಂಡಿ ಊರಿಂದ ಊರಿಗೆ, ಹೊಲದಿಂದ ಹೊಲಕ್ಕೆ ಬೇರೆ. ಹವಾಮಾನ ಬದಲಾಗುತ್ತಿರುವ ಈ ದಿನಗಳಲ್ಲಿ ಹಿರಿಯರ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತಿದೆ. ಶಾಲೆಯ ಮಕ್ಕಳು ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ ಹಿಡಿದು ಊರಿನ ಕೊನೆಯ ಹಿಮ ಯಾವ ದಿನ, ಯಾವ ಹೊಲದಲ್ಲಿ ಬಿತ್ತೆಂದು ಬರೆದಿಡಲಿ; ಹಿರಿಯರು ಗಾಳಿ, ಮೋಡ, ಮಣ್ಣಿನ ತಮ್ಮ ಅರಿವನ್ನು ಅದಕ್ಕೆ ಸೇರಿಸಲಿ. ಹತ್ತು ವರ್ಷ ಹೀಗೆ ನಡೆದರೆ ಯಾವ ಕಚೇರಿಯೂ ಕೊಡಲಾರದ ಪಂಚಾಂಗವೊಂದು ಊರಿಗೆ ದಕ್ಕುತ್ತದೆ. ಅಲ್ಲಿಯವರೆಗೆ, ಮನೆಯ ಬೀಜವನ್ನೆಲ್ಲ ಒಂದೇ ದಿನ ಮಣ್ಣಿಗೆ ಹಾಕದೆ ಮೂರನೆಯ ಒಂದು ಪಾಲನ್ನು ಡಬ್ಬಿಯಲ್ಲಿ ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾದ ಕೆಲಸ.