ಉಂಡದ್ದು ಅರಗಬೇಕು



ನಾವು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಜನ. ಹೊಟ್ಟೆ ಸಲುವಾಗಿ ದುಡಿಯುವವರು. ಉಂಡದ್ದು ಅರಗದಿದ್ದರೆ ಏನು ಮಾಡ್ತೀವಿ? ಸೋಡಾ ಕುಡೀತೀವಿ. ಗುಳಿಗೆ ನುಂಗ್ತೀವಿ. ಏನು ಉಂಡೆವು ಅಂತ ಮಾತ್ರ ಕೇಳ್ತೀವಿ. ಯಾವಾಗ ಉಂಡೆವು, ಉಂಡ ಮೇಲೆ ಹೇಗಿದ್ದೆವು ಅಂತ ಕೇಳೋದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಹೊಟ್ಟೆ ಅಂದರೆ ಬರೀ ಚೀಲ ಅಲ್ಲ. ಅದು ಗಿರಣಿ ಇದ್ದಂಗೆ. ಗಿರಣಿಗೆ ಕರೆಂಟು ಬೇಕು. ಹೊಟ್ಟೆಗೆ ನರ ಬೇಕು. ಮೆದುಳಿನಿಂದ ಒಂದು ಉದ್ದನೆಯ ನರ ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಬರುತ್ತದೆ. ಅದರ ಹೆಸರು ವೇಗಸ್ ನರ. ಉಂಡದ್ದನ್ನು ಕಲಸಲು, ಮುಂದೆ ತಳ್ಳಲು ಅದು ಹೇಳುತ್ತದೆ.

ಸಕ್ಕರೆ ಕಾಯಿಲೆ ಬಹಳ ವರ್ಷ ಹತೋಟಿಯಲ್ಲಿ ಇಲ್ಲದಿದ್ದರೆ ನರಗಳು ಕೆಡುತ್ತವೆ. ಅಂಗಾಲು ಜುಮ್ಮೆನ್ನುತ್ತದೆ. ಹೊಟ್ಟೆಯ ನರವೂ ಕೆಡಬಹುದು. ಆಗ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂಗೆ ಆಗುತ್ತದೆ. ವಾಂತಿ ಬರುತ್ತದೆ. ಇದು ಸೋಡಾಕ್ಕೆ ಹೋಗೋ ರೋಗ ಅಲ್ಲ. 30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಸಿಂಧನೂರಿನ ಕಾಲುವೆ ಭೂಮಿಯಲ್ಲಿ ನಾಟಿ ಹಚ್ಚುವವರು ದಿನವೆಲ್ಲ ಬಗ್ಗಿರುತ್ತಾರೆ. ಬುತ್ತಿ ಉಂಡ ಕೂಡಲೇ ಬಗ್ಗಿದರೆ ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತದೆ. ಎದೆ ಉರಿಯುತ್ತದೆ. ಉಂಡ ಮೇಲೆ ಸ್ವಲ್ಪ ಹೊತ್ತು ನೆಟ್ಟಗೆ ಕೂಡಬೇಕು. ಕೂಲಿಗೆ ಕರೆಯುವವರು ಅಷ್ಟು ಬಿಡುವು ಕೊಡಬೇಕು.

ಹೊಟ್ಟೆ ಹಗಲು ಚುರುಕು, ರಾತ್ರಿ ನಿಧಾನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಾಗಲಿ, ಬೇರೆ ಎಲ್ಲೇ ಆಗಲಿ, ರಾತ್ರಿ ಪಾಳಿಯವರು ಕೆಲಸಕ್ಕೆ ಹೋಗುವ ಮೊದಲೇ ಉಣ್ಣಲಿ. ನಡುರಾತ್ರಿ ಹಗುರಾಗಿ ತಿನ್ನಲಿ. ಉಳಿದವರು ಮಲಗುವ 2-3 ತಾಸು ಮೊದಲು ಊಟ ಮುಗಿಸಲಿ. ಎದೆಯುರಿ ಇದ್ದವರು ಎಡಮಗ್ಗುಲಾಗಿ ಮಲಗಲಿ.

ಇನ್ನೊಂದು ಮಾತು. ಇದಕ್ಕೆ ನಾಚಿಕೆ ಬೇಡ. ಬೆಳಿಗ್ಗೆ ಎದ್ದ ಮೇಲೆ, ಉಂಡ ಮೇಲೆ ಕರುಳು ಜೋರಾಗಿ ಕೆಲಸ ಮಾಡುತ್ತದೆ. ಆಗ ಬಂದ ಒತ್ತಡವನ್ನು ತಡೆಯಬಾರದು. ಆದರೆ ಮಸ್ಕಿ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಕತ್ತಲಾಗಲಿ ಅಂತ ಕಾಯ್ತಾರೆ. ನೀರನ್ನೂ ಕಡಿಮೆ ಕುಡೀತಾರೆ. ತಡೆದೂ ತಡೆದೂ ಮಲ ಗಟ್ಟಿಯಾಗುತ್ತದೆ. ಮೂಲವ್ಯಾಧಿ ಬರುತ್ತದೆ. ಮನೆಗೊಂದು ಪಾಯಖಾನೆ, ಅದರೊಳಗೆ ನೀರು ಇದ್ದರೆ ಅದೂ ಹೊಟ್ಟೆಗೆ ಮದ್ದು. ಕುಕ್ಕರಗಾಲಲ್ಲಿ ಕೂತರೆ ಕರುಳಿನ ದಾರಿ ನೆಟ್ಟಗಾಗುತ್ತದೆ. ತಿಣುಕುವುದು ತಪ್ಪುತ್ತದೆ.

ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡ ಮಾಡಬೇಡಿರಿ. ಎದೆನೋವಿನ ಜೊತೆ ಬೆವರು ಬಂದರೆ ಗ್ಯಾಸು ಅಂತ ಕೂಡಬೇಡಿರಿ. ಅದು ಹೃದಯದ ನೋವು ಇರಬಹುದು. ಕೂಡಲೇ 108ಕ್ಕೆ ಫೋನು ಮಾಡಿರಿ.

ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಅತ್ತೆ, ಸೊಸೆ, ಗಂಡಸರು ಎಲ್ಲರೂ ಕೇಳಲಿ. ನಾವು ದುಡಿದು ತಂದ ಅನ್ನ ನಮ್ಮ ಮೈಗೆ ಹತ್ತಲಿ.